ಅಳತೆಗೆ ಋಣವಿಲ್ಲ, ವ್ಯತ್ಯಾಸಕ್ಕೆ ಉಂಟು: ಸಿ ಭಾಷೆಯ ಎರಡು ಸಂಖ್ಯೆಗಳ ಚರಿತ್ರೆ

ಚರಿತ್ರೆ ಎಂದರೆ ರಾಜರು, ಯುದ್ಧಗಳು, ಶಾಸನಗಳು ಎಂದೇ ನಾವು ತರಗತಿಯಲ್ಲಿ ಹೇಳಿಕೊಂಡು ಬಂದಿದ್ದೇವೆ. ಆದರೆ ಕಂಪ್ಯೂಟರಿನ ಒಳಗೂ ಚರಿತ್ರೆ ಉಂಟು. ಅಲ್ಲಿಯೂ ಒಂದು ಕಾಲದಲ್ಲಿ ಒಂದು ಕಾರಣಕ್ಕೆ ಮಾಡಿದ ತೀರ್ಮಾನಗಳು ಇವೆ. ಕಾರಣ ಹೋದ ಮೇಲೂ ತೀರ್ಮಾನ ಉಳಿದುಕೊಂಡ ಉದಾಹರಣೆಗಳೂ ಇವೆ. ಅಂಥದ್ದೊಂದನ್ನು ಈ ಸಲ ನೋಡೋಣ.

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪ್ಲಸ್ ವನ್‌ಗೆ ಕಂಪ್ಯೂಟರ್ ಸೈನ್ಸ್ ಸೇರಿದ ನಮ್ಮ ಮಕ್ಕಳು ಮೊದಲ ತಿಂಗಳಲ್ಲೇ ಎರಡು ಪದಗಳನ್ನು ಎದುರಿಸುತ್ತಾರೆ: ಸೈನ್ಡ್ ಮತ್ತು ಅನ್‌ಸೈನ್ಡ್. ಒಂದು, ಋಣ ಸಂಖ್ಯೆಯನ್ನೂ ಹಿಡಿಯುವ ಪೂರ್ಣಾಂಕ. ಇನ್ನೊಂದು, ಸೊನ್ನೆಯಿಂದ ಮೇಲಕ್ಕೆ ಮಾತ್ರ ಹೋಗುವ ಪೂರ್ಣಾಂಕ. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಎರಡು ಯಾಕೆ ಬೇಕಾಯಿತು, ಯಾವುದನ್ನು ಎಲ್ಲಿ ಬಳಸಬೇಕು ಎಂಬ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಸಿಗುವುದು ಕಷ್ಟ. ಆ ಪ್ರಶ್ನೆಗೆ ಉತ್ತರ ಹುಡುಕಿದರೆ ಐವತ್ತು ವರ್ಷಗಳ ಕಥೆಯೇ ತೆರೆದುಕೊಳ್ಳುತ್ತದೆ.

ಎಣಿಕೆ ಬೇರೆ, ವ್ಯತ್ಯಾಸ ಬೇರೆ

ಮೊದಲು ವಿಷಯವನ್ನು ನಮ್ಮ ಹಾಜರಿ ಪುಸ್ತಕದಿಂದ ಅರ್ಥ ಮಾಡಿಕೊಳ್ಳೋಣ. ಇವತ್ತು ತರಗತಿಯಲ್ಲಿ 31 ಮಕ್ಕಳು, ನಿನ್ನೆ 34. ಈ ಎರಡೂ ಎಣಿಕೆಗಳು. ಎಣಿಕೆ ಎಂದೂ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ, ಮೈನಸ್ ಮೂರು ಮಕ್ಕಳು ಹಾಜರಿದ್ದಾರೆ ಎಂದು ಯಾರೂ ಬರೆಯುವುದಿಲ್ಲ. ಆದರೆ ನಿನ್ನೆಗಿಂತ ಇವತ್ತು ಎಷ್ಟು ಹೆಚ್ಚು ಎಂದು ಕೇಳಿದರೆ ಉತ್ತರ ಮೈನಸ್ 3. ಎರಡು ಎಣಿಕೆಗಳ ವ್ಯತ್ಯಾಸಕ್ಕೆ ಋಣ ಚಿಹ್ನೆ ಬೇಕೇ ಬೇಕು. ಹಾಗಾದರೆ ಎಣಿಕೆಯನ್ನು ಬರೆದಿಡಲು ಯಾವ ಬಗೆಯ ಸಂಖ್ಯೆ ಬೇಕು? ಋಣವಿಲ್ಲದ್ದೋ, ಋಣ ಇರುವುದೋ? ಪ್ರಶ್ನೆ ಸಣ್ಣದು ಎನಿಸುತ್ತದೆ, ಅಲ್ಲವೇ? ಇದಕ್ಕೆ ಸಿ ಭಾಷೆ ಕೊಟ್ಟ ಅರ್ಧ ಉತ್ತರದಿಂದ ಎಷ್ಟೋ ತೊಂದರೆಗಳು ಹುಟ್ಟಿದವು.

ಯಂತ್ರದ ಒಳಗೆ ಋಣ ಚಿಹ್ನೆ ಎಂಬುದು ಇಲ್ಲ, ಇರುವುದು ಬಿಟ್‌ಗಳು ಮಾತ್ರ. 16 ಬಿಟ್‌ಗಳಲ್ಲಿ 65,536 ಬೇರೆ ಬೇರೆ ವಿನ್ಯಾಸಗಳು ಸಾಧ್ಯ. ಅವನ್ನು ಅನ್‌ಸೈನ್ಡ್ ಎಂದು ಓದಿದರೆ 0ಯಿಂದ 65,535ರವರೆಗೆ. ಸೈನ್ಡ್ ಎಂದು ಓದಿದರೆ ಮೈನಸ್ 32,768ರಿಂದ 32,767ರವರೆಗೆ. ಹದಿನಾರೂ ಬಿಟ್‌ಗಳು 1 ಆಗಿದ್ದರೆ ಒಂದು ಓದಿನಲ್ಲಿ ಅದು ಮೈನಸ್ 1, ಇನ್ನೊಂದು ಓದಿನಲ್ಲಿ 65,535. ಗಡಿನಾಡಿನ ನಮಗೆ ಇದು ಹೊಸದೇನಲ್ಲ. ಕನ್ನಡ ಲಿಪಿಯಲ್ಲಿ ಬರೆದದ್ದೆಲ್ಲ ಕನ್ನಡವೇ ಆಗಬೇಕಿಲ್ಲ, ತುಳುವೂ ಆಗಿರಬಹುದು. ಲಿಪಿ ಒಂದೇ, ಯಾವ ಭಾಷೆ ಎಂದು ಮೊದಲೇ ಗೊತ್ತಿರಬೇಕು. ಬಿಟ್‌ಗಳ ವಿಷಯದಲ್ಲಿ ಆ ಗೊತ್ತುಪಡಿಸುವ ಕೆಲಸ ಮಾಡುವುದು ಟೈಪ್, ಅಂದರೆ ಸಂಖ್ಯೆಯ ಬಗೆ.

ಟೈಪ್‌ಗಳೇ ಇಲ್ಲದ ಕಾಲ

ಸಿ ಭಾಷೆಯ ಅಜ್ಜ ಬಿಸಿಪಿಎಲ್. ಕೇಂಬ್ರಿಜ್‌ನ ಮಾರ್ಟಿನ್ ರಿಚರ್ಡ್ಸ್ ಇದನ್ನು 1967ರ ಸುಮಾರಿಗೆ ರೂಪಿಸಿದರು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಅದನ್ನು ಕಿರಿದಾಗಿಸಿ ಬಿ ಎಂಬ ಭಾಷೆ ಮಾಡಿದರು. ಈ ಎರಡರಲ್ಲೂ ಟೈಪ್ ಎಂಬುದೇ ಇರಲಿಲ್ಲ. ಎಲ್ಲವೂ ಒಂದು ವರ್ಡ್, ಅಂದರೆ ಯಂತ್ರದ ಒಂದು ಪದಕೋಶ. ಅದು ಸಂಖ್ಯೆಯೋ, ವಿಳಾಸವೋ, ಅಕ್ಷರವೋ ಎಂಬುದು ಬರೆಯುವವನ ತಲೆಯಲ್ಲಿ ಮಾತ್ರ ಇರುತ್ತಿತ್ತು.

1970ರಲ್ಲಿ ಬೆಲ್ ಲ್ಯಾಬ್ಸ್‌ಗೆ ಪಿಡಿಪಿ-11 ಎಂಬ ಹೊಸ ಯಂತ್ರ ಬಂತು. ಅದರ ವರ್ಡ್ 16 ಬಿಟ್, ಆದರೆ ಪ್ರತಿ ಬೈಟಿಗೂ ಬೇರೆ ವಿಳಾಸ. ಅಕ್ಷರಕ್ಕೊಂದು ಅಳತೆ, ಪೂರ್ಣಾಂಕಕ್ಕೊಂದು ಅಳತೆ ಎಂದಾದ ಮೇಲೆ ಟೈಪ್ ಇಲ್ಲದೆ ನಡೆಯುವಂತಿರಲಿಲ್ಲ. ಡೆನ್ನಿಸ್ ರಿಚಿ 1971ರಿಂದ 1973ರ ನಡುವೆ ಬಿ ಭಾಷೆಗೆ ಟೈಪ್‌ಗಳನ್ನು ಸೇರಿಸುತ್ತಾ ಹೋದರು. ಹಾಗೆ ಹುಟ್ಟಿದ್ದು ಸಿ. ಮೊದಲ ಸಿಯಲ್ಲಿ ಪೂರ್ಣಾಂಕ ಎಂದರೆ ಇಂಟ್, ಅದು ಸೈನ್ಡ್. ಅನ್‌ಸೈನ್ಡ್ ಎಂಬ ಪದ ಭಾಷೆಗೆ ಬಂದದ್ದು ಆಮೇಲೆ, ಲಾಂಗ್ ಮತ್ತು ಯೂನಿಯನ್‌ಗಳ ಜೊತೆಗೆ, 1970ರ ದಶಕದ ಮುಂದಿನ ವರ್ಷಗಳಲ್ಲಿ.

ಅದಕ್ಕೂ ಮೊದಲು ಋಣವಿಲ್ಲದ ಲೆಕ್ಕ ಬೇಕಾದರೆ ಏನು ಮಾಡುತ್ತಿದ್ದರು? ಪಾಯಿಂಟರನ್ನು ಬಳಸುತ್ತಿದ್ದರು! ಪಾಯಿಂಟರ್ ಎಂದರೆ ಮೆಮೊರಿಯ ವಿಳಾಸ. ವಿಳಾಸಕ್ಕೆ ಋಣವಿಲ್ಲ. ಆದ್ದರಿಂದ ಎರಡು ಸಂಖ್ಯೆಗಳನ್ನು ಋಣದ ಗೊಡವೆಯಿಲ್ಲದೆ ಹೋಲಿಸಬೇಕಾದಾಗ ಅವನ್ನು ವಿಳಾಸಗಳು ಎಂದು ಬರೆದು ಹೋಲಿಸುತ್ತಿದ್ದರು. ಆ ಕಾಲದ ಯುನಿಕ್ಸ್ ಕರ್ನಲ್ ಓದಿದವರಿಗೆ ಈ ಉಪಾಯ ಅಲ್ಲಲ್ಲಿ ಕಾಣುತ್ತದೆ.

1975ರ ಆರನೆಯ ಆವೃತ್ತಿಯ ಯುನಿಕ್ಸ್‌ನಲ್ಲಿ ಇನ್ನೊಂದು ಸ್ವಾರಸ್ಯ ಉಂಟು. ಕಡತದೊಳಗೆ ಒಂದು ಜಾಗಕ್ಕೆ ಹೋಗಲು ಸೀಕ್ ಎಂಬ ಆಜ್ಞೆ. ಎಷ್ಟು ದೂರ ಹೋಗಬೇಕು ಎಂದು 16 ಬಿಟ್‌ನ ಸಂಖ್ಯೆಯಲ್ಲಿ ಹೇಳಬೇಕು. ಕಡತದ ಆರಂಭದಿಂದ ಎಣಿಸುವುದಾದರೆ ಆ ಸಂಖ್ಯೆಯನ್ನು ಅನ್‌ಸೈನ್ಡ್ ಎಂದು ಓದಬೇಕು, ಈಗ ಇರುವ ಜಾಗದಿಂದ ಅಥವಾ ಕೊನೆಯಿಂದ ಎಣಿಸುವುದಾದರೆ ಸೈನ್ಡ್ ಎಂದು ಓದಬೇಕು ಎಂದು ಕೈಪಿಡಿಯಲ್ಲೇ ಬರೆದಿತ್ತು. ಒಂದೇ ಜಾಗದಲ್ಲಿ ಕೊಟ್ಟ ಒಂದೇ ಸಂಖ್ಯೆಗೆ ಎರಡು ಓದು! 65,535 ದಾಟಿ ಹೋಗಲು 512 ಬೈಟ್‌ಗಳ ಕಟ್ಟುಗಳಲ್ಲಿ ಎಣಿಸುವ ಬೇರೆ ಕ್ರಮವೂ ಇತ್ತು. 1979ರ ಏಳನೆಯ ಆವೃತ್ತಿಯಲ್ಲಿ ಇದರ ಬದಲಿಗೆ 32 ಬಿಟ್‌ನ ಲಾಂಗ್ ಸಂಖ್ಯೆ ತೆಗೆದುಕೊಳ್ಳುವ ಆಜ್ಞೆ ಬಂತು. ಅದರ ಹೆಸರು ಎಲ್‌ಸೀಕ್. ಈಗಲೂ ಲಿನಕ್ಸ್‌ನಲ್ಲಿ ಅದೇ ಹೆಸರು ನಡೆಯುತ್ತಿದೆ. ಆ ಎಲ್ ಅಕ್ಷರ ಯಾಕೆ ಎಂದು ಮಕ್ಕಳು ಕೇಳಿದರೆ ಈ ಕಥೆ ಹೇಳಬಹುದು.

1989ರ ತೀರ್ಮಾನ

ಕರ್ನಿಘನ್ ಮತ್ತು ರಿಚಿ ಬರೆದ ಸಿ ಪುಸ್ತಕದ ಮೊದಲ ಆವೃತ್ತಿ 1978ರದು. ಅದರಲ್ಲಿ ಒಂದು ವಸ್ತುವಿನ ಅಳತೆ ಹೇಳುವ ಸೈಜ್‌ಆಫ್ ಕೊಡುವುದು ಒಂದು ಪೂರ್ಣಾಂಕ, ಅಷ್ಟೇ. ಪದದ ಉದ್ದ ಹೇಳುವ ಸ್ಟ್ರ್‌ಲೆನ್ ಕೊಡುವುದೂ ಇಂಟ್. ಎಣಿಕೆಯೂ ಇಂಟ್, ವ್ಯತ್ಯಾಸವೂ ಇಂಟ್. ಸರಳವಾಗಿಯೇ ಇತ್ತು.

ಆದರೆ ಒಂದು ತೊಡಕು. 16 ಬಿಟ್ ಯಂತ್ರದ ಮೆಮೊರಿ 65,536 ಬೈಟ್. ಅದರಲ್ಲಿ 40,000 ಬೈಟ್‌ಗಳ ಒಂದು ಪಟ್ಟಿ ಇಡಲು ಜಾಗ ಉಂಟು. ಆದರೆ ಆ ಪಟ್ಟಿಯ ಅಳತೆಯನ್ನು ಸೈನ್ಡ್ ಇಂಟ್‌ನಲ್ಲಿ ಬರೆಯಲು ಆಗುವುದಿಲ್ಲ, ಅದು 32,767ಕ್ಕೆ ಮುಗಿಯುತ್ತದೆ. ಇರುವುದೇ ಅಷ್ಟು ಮೆಮೊರಿ, ಅದರಲ್ಲಿ ಅರ್ಧವನ್ನು ಅಳೆಯಲಾಗದೆ ಬಿಡುವುದು ಹೇಗೆ? 1983ರಲ್ಲಿ ಸಿ ಭಾಷೆಗೆ ಪ್ರಮಾಣ ಗೊತ್ತುಪಡಿಸಲು ಕುಳಿತ ಅಮೆರಿಕದ ಸಮಿತಿಯ ಮುಂದೆ ಇಂಥ ಯಂತ್ರಗಳು ಇನ್ನೂ ಬಹಳ ಇದ್ದವು. ಐಬಿಎಂ ಪಿಸಿಗಳೂ 64 ಕಿಲೋಬೈಟ್‌ಗಳ ತುಂಡುಗಳಲ್ಲೇ ಕೆಲಸ ಮಾಡುತ್ತಿದ್ದವು. ನಮ್ಮ ದೇಶದ ಶಾಲಾ ಕಾಲೇಜುಗಳಲ್ಲಿ ಬಹಳ ಕಾಲ ನಡೆದ ಟರ್ಬೋ ಸಿ 1987ರದು, ಅದರ ಇಂಟ್ ಕೂಡ 16 ಬಿಟ್‌ನದೇ. 32,767ಕ್ಕೆ 1 ಕೂಡಿಸಿದರೆ ಮೈನಸ್ 32,768 ಬರುವುದನ್ನು ಅದರಲ್ಲಿ ಕಲಿತ ಎಷ್ಟೋ ಮಂದಿ ಕಣ್ಣಾರೆ ಕಂಡಿರುತ್ತಾರೆ.

1989ರ ಡಿಸೆಂಬರ್‌ನಲ್ಲಿ ಒಪ್ಪಿಗೆಯಾದ ಪ್ರಮಾಣದಲ್ಲಿ ಅಳತೆಗೆಂದೇ ಒಂದು ಟೈಪ್ ಬಂತು. ಹೆಸರು ಸೈಜ್-ಟಿ. ಇದು ಅನ್‌ಸೈನ್ಡ್. ಸೈಜ್‌ಆಫ್ ಕೊಡುವುದು ಇದನ್ನೇ, ಸ್ಟ್ರ್‌ಲೆನ್ ಕೊಡುವುದೂ ಇದನ್ನೇ. ವಿಳಾಸಗಳ ವ್ಯತ್ಯಾಸಕ್ಕೆ ಇನ್ನೊಂದು ಟೈಪ್, ಪಿಟಿಆರ್‌ಡಿಫ್-ಟಿ. ಇದು ಸೈನ್ಡ್. ಎಣಿಕೆಗೆ ಋಣವಿಲ್ಲ, ವ್ಯತ್ಯಾಸಕ್ಕೆ ಉಂಟು ಎಂಬ ನಮ್ಮ ಹಾಜರಿ ಪುಸ್ತಕದ ತತ್ವವೇ ಇಲ್ಲಿಯೂ ಕಾಣುತ್ತದೆ. ಮೇಲುನೋಟಕ್ಕೆ ಒಳ್ಳೆಯ ಜೋಡಿ.

ಆದರೆ ಇದು ನಿಜವಾದ ಜೋಡಿ ಅಲ್ಲ. ಎರಡೂ ಒಂದೇ ಅಗಲದವು ಆಗಿರಬೇಕು ಎಂದು ಪ್ರಮಾಣ ಹೇಳಲಿಲ್ಲ. ಅಷ್ಟೇ ಅಲ್ಲ, ಎರಡು ಸೈಜ್-ಟಿಗಳನ್ನು ಕಳೆದರೆ ಉತ್ತರ ಪಿಟಿಆರ್‌ಡಿಫ್-ಟಿ ಆಗುವುದಿಲ್ಲ, ಮತ್ತೆ ಸೈಜ್-ಟಿಯೇ ಆಗುತ್ತದೆ. ಅಂದರೆ 31ರಿಂದ 34 ಕಳೆದರೆ ಮೈನಸ್ 3 ಬರುವುದಿಲ್ಲ. 16 ಬಿಟ್‌ನಲ್ಲಿ 65,533 ಬರುತ್ತದೆ. 32 ಬಿಟ್‌ನಲ್ಲಿ 429 ಕೋಟಿಗೂ ಹೆಚ್ಚು. ತರಗತಿಗೆ ಮೂವರು ಕಡಿಮೆ ಬಂದರೆ ಯಂತ್ರ ಊರಿಗೆ ಊರೇ ಹೆಚ್ಚು ಬಂತು ಎನ್ನುತ್ತದೆ!

ಇನ್ನೂ ಒಂದು ನಿಯಮ. ಒಂದೇ ಅಗಲದ ಸೈನ್ಡ್ ಮತ್ತು ಅನ್‌ಸೈನ್ಡ್ ಸಂಖ್ಯೆಗಳು ಒಂದೇ ಲೆಕ್ಕದಲ್ಲಿ ಸೇರಿದರೆ ಸೈನ್ಡ್ ಸಂಖ್ಯೆ ಸದ್ದಿಲ್ಲದೆ ಅನ್‌ಸೈನ್ಡ್ ಆಗಿಬಿಡುತ್ತದೆ. ಆದ್ದರಿಂದ ಮೈನಸ್ 1 ಎಂಬುದು ಸೈಜ್‌ಆಫ್ ಕೊಟ್ಟ 4ಕ್ಕಿಂತ ಚಿಕ್ಕದೇ ಎಂದು ಸಿ ಭಾಷೆಯನ್ನು ಕೇಳಿದರೆ ಅಲ್ಲ ಎನ್ನುತ್ತದೆ. ಏಳನೆಯ ತರಗತಿಯ ಮಗುವಿಗೆ ಗೊತ್ತಿರುವ ಉತ್ತರ ಯಂತ್ರಕ್ಕೆ ತಪ್ಪುತ್ತದೆ. ಸೈಜ್-ಟಿಯಲ್ಲಿ ಹಿಮ್ಮುಖವಾಗಿ ಎಣಿಸುತ್ತಾ ಸೊನ್ನೆ ಅಥವಾ ಅದಕ್ಕಿಂತ ಹೆಚ್ಚಿರುವ ತನಕ ನಡೆ ಎಂದರೆ ಆ ಎಣಿಕೆ ನಿಲ್ಲುವುದೇ ಇಲ್ಲ, ಏಕೆಂದರೆ ಸೈಜ್-ಟಿ ಎಂದೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ.

ಚಿಕ್ಕ ಅನ್‌ಸೈನ್ಡ್ ಸಂಖ್ಯೆಗಳು ಲೆಕ್ಕದ ನಡುವೆ ದೊಡ್ಡದಾಗುವಾಗ ಏನಾಗಬೇಕು ಎಂಬ ಬಗ್ಗೆಯೂ ಹಳೆಯ ಕಂಪೈಲರ್‌ಗಳಲ್ಲಿ ಎರಡು ಪದ್ಧತಿಗಳಿದ್ದವು. ಅವು ಅನ್‌ಸೈನ್ಡ್ ಆಗಿಯೇ ಉಳಿಯಲಿ ಎಂಬುದು ಒಂದು. ಬೆಲೆ ಬದಲಾಗದಿದ್ದರೆ ಸೈನ್ಡ್ ಆಗಲಿ ಎಂಬುದು ಇನ್ನೊಂದು. ಸಮಿತಿ ಎರಡನೆಯದನ್ನು ಆರಿಸಿತು. ವ್ಯಾಪಕವಾಗಿ ಬಳಕೆಯಲ್ಲಿದ್ದ ರೂಢಿಗೆ ತಾವು ಮಾಡಿದ ಅತ್ಯಂತ ಗಂಭೀರ ಬದಲಾವಣೆ ಇದೇ ಎಂದು ಸಮಿತಿಯವರು ತಮ್ಮ ವಿವರಣೆಯಲ್ಲಿ ಹೇಳಿಕೊಂಡಿದ್ದಾರೆ. ಬಲ್ಲವರಿಗೂ ಈ ವಿಷಯ ಆಗಲೇ ಕಷ್ಟವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೆಸರಿಲ್ಲದ ತಮ್ಮ

ಇನ್ನು ಯುನಿಕ್ಸ್‌ನ ಕಡೆಗೆ ಬರೋಣ. ಅಲ್ಲಿ ಕಡತವನ್ನು ಓದುವ ಆಜ್ಞೆ ರೀಡ್. ಎಷ್ಟು ಬೈಟ್ ಓದಿದೆ ಎಂದು ಅದು ತಿಳಿಸುತ್ತದೆ. ಓದಲು ಆಗದಿದ್ದರೆ ಮೈನಸ್ 1 ಕೊಡುತ್ತದೆ. ಅಂದರೆ ಉತ್ತರ ಎಣಿಕೆಯೂ ಹೌದು, ದೂರಿನ ಚೀಟಿಯೂ ಹೌದು. ಆದ್ದರಿಂದ ಅದು ಅನ್‌ಸೈನ್ಡ್ ಆಗುವಂತಿಲ್ಲ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ಸಮಾನ ನಿಯಮ ಮಾಡಿದ ಪೋಸಿಕ್ಸ್ ಪ್ರಮಾಣದಲ್ಲಿ 1988ರಲ್ಲಿ ಈ ಉತ್ತರ ಇಂಟ್ ಆಗಿತ್ತು. 1990ರಲ್ಲಿ ಎಷ್ಟು ಓದಬೇಕು ಎಂಬುದು ಸೈಜ್-ಟಿ, ಎಷ್ಟು ಓದಿದೆ ಎಂಬುದು ಎಸ್‌ಸೈಜ್-ಟಿ ಎಂದಾಯಿತು. ಮೊದಲಿನ ಎಸ್ ಎಂದರೆ ಸೈನ್ಡ್.

ಹಾಗೆ ಸೈಜ್-ಟಿಗೆ ಒಬ್ಬ ತಮ್ಮ ಬಂದ. ಆದರೆ ಅವನು ಪೋಸಿಕ್ಸ್ ಮನೆಯಲ್ಲಿ ಹುಟ್ಟಿದವನು, ಸಿ ಭಾಷೆಯ ರೇಷನ್ ಕಾರ್ಡಿನಲ್ಲಿ ಅವನ ಹೆಸರಿಲ್ಲ. ಅಣ್ಣ 65,535 ಬೈಟ್ ಕೇಳಬಹುದು, ಅಷ್ಟು ಬಂತು ಎಂದು ತಮ್ಮ 16 ಬಿಟ್‌ನಲ್ಲಿ ಹೇಳಲಾರ. ಹಾಗಾಗಿ ತಮ್ಮನ ಗರಿಷ್ಠ ಮಿತಿಗಿಂತ ಹೆಚ್ಚು ಕೇಳಿದರೆ ಏನಾಗುತ್ತದೆ ಎಂಬುದನ್ನು ಆಯಾ ವ್ಯವಸ್ಥೆಗೆ ಬಿಟ್ಟರು. ಲಿನಕ್ಸ್ ಇದಕ್ಕೆ ಒಂದು ಗಟ್ಟಿ ಮಿತಿ ಹಾಕಿದೆ: 64 ಬಿಟ್ ಯಂತ್ರದಲ್ಲಿಯೂ ಒಂದು ಸಲಕ್ಕೆ 2,14,74,79,552 ಬೈಟ್‌ಗಿಂತ ಹೆಚ್ಚು ಓದಲು ಬಿಡುವುದಿಲ್ಲ. 32 ಬಿಟ್‌ನ ಸೈನ್ಡ್ ಮಿತಿಗಿಂತ ಸ್ವಲ್ಪವೇ ಕಡಿಮೆ.

1999ರಲ್ಲಿ ಸಿ ಭಾಷೆಯ ಹೊಸ ಪ್ರಮಾಣ ಬಂತು. ಸೈಜ್-ಟಿಯನ್ನು ಮುದ್ರಿಸಲು ಪ್ರಿಂಟ್‌ಎಫ್‌ಗೆ ಜೆಡ್ ಎಂಬ ಸಂಕೇತ ಸೇರಿತು. ಆ ಸಂಕೇತ ಸೈಜ್-ಟಿಗೆ, ಅಥವಾ ಅದಕ್ಕೆ ಸರಿಸಮನಾದ ಸೈನ್ಡ್ ಟೈಪ್‌ಗೆ ಎಂದು ಪ್ರಮಾಣ ಹೇಳುತ್ತದೆ. ಆ ಸರಿಸಮನಾದ ಟೈಪ್‌ನ ಹೆಸರು ಏನು? ಹೇಳಲಿಲ್ಲ! ಹಾಗೆಯೇ ಪಿಟಿಆರ್‌ಡಿಫ್-ಟಿಗೆ ಟಿ ಎಂಬ ಸಂಕೇತ, ಅದು ಅದರ ಅನ್‌ಸೈನ್ಡ್ ಜೊತೆಗಾರನಿಗೂ ಸಲ್ಲುತ್ತದೆ. ಅವನಿಗೂ ಹೆಸರಿಲ್ಲ. ಮುದ್ರಿಸುವ ವಿಧಾನ ಉಂಟು, ಕರೆಯುವ ಹೆಸರು ಇಲ್ಲ. ಅದೇ ಪ್ರಮಾಣ ವಿಳಾಸವನ್ನು ಹಿಡಿಯುವ ಪೂರ್ಣಾಂಕಗಳಿಗೆ ಮಾತ್ರ ಸೈನ್ಡ್, ಅನ್‌ಸೈನ್ಡ್ ಎರಡೂ ಹೆಸರುಗಳನ್ನು ಜೋಡಿಯಾಗಿ ಕೊಟ್ಟಿತು. ಅಳತೆಗೆ ಕೊಡಲಿಲ್ಲ.

1999ರ ಪ್ರಮಾಣದ ಇನ್ನೊಂದು ನಿಯಮ ನೋಡಿ. ಪಿಟಿಆರ್‌ಡಿಫ್-ಟಿ ಕನಿಷ್ಠ ಮೈನಸ್ 65,535ರಿಂದ ಪ್ಲಸ್ 65,535ರವರೆಗೆ ಹಿಡಿಯಬೇಕು ಎಂದಿತು. 65,535 ಬೈಟ್‌ಗಳ ಪಟ್ಟಿಯ ಎರಡು ತುದಿಗಳ ವ್ಯತ್ಯಾಸ ಬರೆಯಲು ಅಷ್ಟು ಬೇಕು, ಲೆಕ್ಕ ಸರಿಯೇ. ಆದರೆ ಅದಕ್ಕೆ 17 ಬಿಟ್ ಬೇಕು! ಸಣ್ಣ 16 ಬಿಟ್ ಚಿಪ್‌ಗಳಲ್ಲಿ 17 ಬಿಟ್ ಎಲ್ಲಿಂದ ತರುವುದು? ಕೆಲವು ಕಂಪೈಲರ್‌ಗಳು ಈ ನಿಯಮವನ್ನು ಪಾಲಿಸದೆಯೇ ಉಳಿದವು. 2024ರಲ್ಲಿ ಪ್ರಕಟವಾದ ಪ್ರಮಾಣ, ಸಿ-23 ಎಂದು ಕರೆಯುತ್ತಾರೆ, ಇದನ್ನು ಮತ್ತೆ 16 ಬಿಟ್‌ಗೆ ಇಳಿಸಿತು. ಇಪ್ಪತ್ತೈದು ವರ್ಷ ಬೇಕಾಯಿತು.

ಬೆಲೆ ತೆತ್ತವರು

ಇದೆಲ್ಲ ಪಂಡಿತರ ಚರ್ಚೆಯಲ್ಲವೇ, ನಮಗೇನು ಎಂದು ಕೇಳಬಹುದು. ಕೆಲವು ಘಟನೆಗಳನ್ನು ನೋಡೋಣ.

2002ರ ಆಗಸ್ಟ್‌ನಲ್ಲಿ ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ ತಂಡ ಒಂದು ಎಚ್ಚರಿಕೆ ಹೊರಡಿಸಿತು. ಜಾಲದ ಸಂಪರ್ಕಕ್ಕೆ ಸಂಬಂಧಿಸಿದ ಕೆಲವು ಆಜ್ಞೆಗಳು ಬಳಕೆದಾರನಿಂದ ಒಂದು ಉದ್ದವನ್ನು ಪಡೆಯುತ್ತಿದ್ದವು. ಉದ್ದ ಮಿತಿಗಿಂತ ಹೆಚ್ಚಿದ್ದರೆ ಮಿತಿಗೆ ಇಳಿಸು ಎಂಬ ಪರೀಕ್ಷೆಯೂ ಇತ್ತು. ಆದರೆ ಆ ಉದ್ದ ಸೈನ್ಡ್. ಮೈನಸ್ ಸಂಖ್ಯೆ ಕೊಟ್ಟರೆ ಅದು ಮಿತಿಗಿಂತ ಚಿಕ್ಕದು, ಪರೀಕ್ಷೆ ಪಾಸು. ಮುಂದೆ ಬೈಟ್‌ಗಳನ್ನು ನಕಲು ಮಾಡುವ ಕಡೆ ಅದೇ ಸಂಖ್ಯೆ ಅನ್‌ಸೈನ್ಡ್ ಆಗಿ ಭಾರೀ ಉದ್ದವಾಗುತ್ತಿತ್ತು. ಕರ್ನಲ್ ಮೆಮೊರಿಯ ದೊಡ್ಡ ಭಾಗ, ಅದರಲ್ಲಿ ಇರಬಹುದಾದ ಗುಟ್ಟಿನ ಮಾಹಿತಿಯೂ ಸೇರಿ, ಸಾಮಾನ್ಯ ಬಳಕೆದಾರನ ಕೈಗೆ ಹೋಗಬಹುದಾಗಿತ್ತು.

2005ರಲ್ಲಿ ಜಾರ್ಜಿ ಗುನಿನ್‌ಸ್ಕಿ ಎಂಬವರು ಕ್ಯೂಮೇಲ್ ಎಂಬ ಅಂಚೆ ತಂತ್ರಾಂಶದಲ್ಲಿ ಇಂಥ ಕೆಲವು ಪೂರ್ಣಾಂಕದ ದೋಷಗಳನ್ನು ತೋರಿಸಿದರು. ಭದ್ರತೆಗೆ ಹೆಸರಾದ ತಂತ್ರಾಂಶ ಅದು. ಇದನ್ನು ದುರುಪಯೋಗ ಮಾಡಬೇಕಾದರೆ ಗಿಗಾಬೈಟ್‌ಗಟ್ಟಲೆ ಮೆಮೊರಿ ಬೇಕು, ಅಷ್ಟನ್ನು ಅದಕ್ಕೆ ಯಾರೂ ಕೊಡುವುದಿಲ್ಲ ಎಂಬುದು ಅದನ್ನು ಬರೆದ ಡಿ. ಜೆ. ಬರ್ನ್‌ಸ್ಟೈನ್ ಅವರ ವಾದವಾಗಿತ್ತು. ಆ ದಿನಕ್ಕೆ ಆ ಮಾತು ಅಸಾಧುವೇನಲ್ಲ. ಆದರೆ ಮೆಮೊರಿ ಅಗ್ಗವಾಯಿತು. 2020ರಲ್ಲಿ ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಅದೇ ಹಳೆಯ ದೋಷವನ್ನು ಹಿಡಿದು ಒಳನುಗ್ಗಬಹುದು ಎಂದು ಮಾಡಿ ತೋರಿಸಿದರು. ಹದಿನೈದು ವರ್ಷ ಆ ದೋಷ ಕಾದು ಕುಳಿತಿತ್ತು.

ಅದೇ ಸಂಶೋಧಕರು 2021ರ ಜುಲೈಯಲ್ಲಿ ಲಿನಕ್ಸ್ ಕರ್ನಲ್‌ನಲ್ಲಿ ಇನ್ನೊಂದನ್ನು ಹೊರಗೆಡವಿದರು. ಅದಕ್ಕೆ ಸೆಕೋಯಾ ಎಂದು ಹೆಸರಿಟ್ಟರು. ಕರ್ನಲ್‌ನ ಒಂದು ಕಡೆ ಉದ್ದವನ್ನು ಸೈಜ್-ಟಿಯಲ್ಲಿ ಇಟ್ಟಿದ್ದರು. ಅದನ್ನು ಪಡೆಯುವ ಇನ್ನೊಂದು ಕಡೆ ಇಂಟ್‌ನಲ್ಲಿ ತೆಗೆದುಕೊಂಡಿದ್ದರು. ಒಂದು ಗಿಗಾಬೈಟ್‌ಗಿಂತ ಉದ್ದದ ಕಡತದಾರಿ, ಅಂದರೆ ಫೋಲ್ಡರ್‌ನ ಒಳಗೆ ಫೋಲ್ಡರ್ ಎಂದು ಲಕ್ಷಗಟ್ಟಲೆ ಮಾಡುತ್ತಾ ಹೋದರೆ, ಆ ಉದ್ದ 2 ಗಿಗಾಬೈಟ್‌ಗೆ ಏರುತ್ತದೆ. ಸೈಜ್-ಟಿಯಲ್ಲಿ ಅದು ಸರಿಯಾದ ಸಂಖ್ಯೆ. ಇಂಟ್‌ಗೆ ಬಂದಾಗ ಮೈನಸ್ 214 ಕೋಟಿ. ಆಗ ಕರ್ನಲ್ ತನಗೆ ಸೇರದ ಜಾಗದಲ್ಲಿ ಹತ್ತು ಬೈಟ್ ಬರೆದುಬಿಡುತ್ತದೆ. ಆ ಹತ್ತು ಬೈಟ್‌ಗಳಿಂದಲೇ ಸಾಮಾನ್ಯ ಬಳಕೆದಾರ ಇಡೀ ಯಂತ್ರದ ಒಡೆಯನಾಗಬಹುದು ಎಂದು ಅವರು ಉಬುಂಟು, ಡೆಬಿಯನ್, ಫೆಡೋರಾಗಳಲ್ಲಿ ತೋರಿಸಿದರು. 2014ರಿಂದ ಆ ದೋಷ ಅಲ್ಲಿತ್ತು. ಕೇರಳದ ಶಾಲೆಗಳ ಕಂಪ್ಯೂಟರುಗಳು ನಡೆಯುವುದೂ ಗ್ನೂ-ಲಿನಕ್ಸ್ ಮೇಲೆಯೇ. ಇದು ದೂರದ ಊರಿನ ಸುದ್ದಿ ಅಲ್ಲ ಎಂಬುದಕ್ಕೆ ಇಷ್ಟು ಸಾಕು. ದೋಷ ಪ್ರಕಟವಾದ ದಿನವೇ ತಿದ್ದುಪಡಿಯೂ ಬಂತು ಎಂಬುದು ಸಮಾಧಾನ.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಅನ್‌ಸೈನ್ಡ್ ಕೆಟ್ಟದ್ದು ಎಂದು ಹೇಳಲಾಗದು. ಸೈನ್ಡ್ ಕೆಟ್ಟದ್ದು ಎಂದೂ ಹೇಳಲಾಗದು. ಫ್ರೀಬಿಎಸ್‌ಡಿಯಲ್ಲಿ ಮೈನಸ್ ಸಂಖ್ಯೆ ಅನ್‌ಸೈನ್ಡ್ ಕಡೆಗೆ ದಾಟಿತು. ಸೆಕೋಯಾದಲ್ಲಿ ದೊಡ್ಡ ಸಂಖ್ಯೆ ಸೈನ್ಡ್ ಕಡೆಗೆ ದಾಟಿತು. ಎರಡರಲ್ಲೂ ತಪ್ಪು ನಡೆದದ್ದು ಗಡಿಯಲ್ಲಿ. ಒಂದು ಟೈಪ್‌ನಿಂದ ಇನ್ನೊಂದಕ್ಕೆ ಹೋಗುವಾಗ ಚೆಕ್‌ಪೋಸ್ಟ್ ಇರಲಿಲ್ಲ. ಕಂಪೈಲರ್ ಸುಮ್ಮನೆ ದಾಟಿಸಿತು.

ಬೇರೆ ಭಾಷೆಗಳು ಕಲಿತದ್ದು

ಆಮೇಲೆ ಬಂದ ಭಾಷೆಗಳು ಈ ಗೊಂದಲವನ್ನು ನೋಡಿಯೇ ಬಂದವು. 1995ರ ಜಾವಾ ಅಳತೆಗೂ ವ್ಯತ್ಯಾಸಕ್ಕೂ ಒಂದೇ ಸೈನ್ಡ್ ಇಂಟ್ ಸಾಕು ಎಂದಿತು. ಗೋ ಭಾಷೆಯಲ್ಲಿಯೂ ಉದ್ದ ಎಂದರೆ ಸೈನ್ಡ್ ಇಂಟ್. ಇದರಿಂದ ಎಲ್ಲ ತೊಂದರೆಯೂ ಹೋಗುವುದಿಲ್ಲ. 2006ರಲ್ಲಿ ಜೋಶುವಾ ಬ್ಲಾಕ್ ಒಂದು ಲೇಖನದಲ್ಲಿ ಜಾವಾದ ದ್ವಿಭಾಗ ಹುಡುಕಾಟದಲ್ಲಿ ಒಂಬತ್ತು ವರ್ಷಗಳಿಂದ ಇದ್ದ ದೋಷವನ್ನು ವಿವರಿಸಿದರು. ಎರಡು ತುದಿಗಳನ್ನು ಕೂಡಿಸಿ ಎರಡರಿಂದ ಭಾಗಿಸಿ ನಡುವಿನ ಜಾಗ ಹುಡುಕುವುದು ನಾವೆಲ್ಲ ಕಲಿಸುವ ಕ್ರಮ. ಆದರೆ ಪಟ್ಟಿ ಬಹಳ ದೊಡ್ಡದಾದರೆ ಕೂಡಿಸಿದಾಗಲೇ ಸಂಖ್ಯೆ ಮಿತಿ ಮೀರಿ ಋಣವಾಗುತ್ತದೆ. ಮೇಲಿನದರಿಂದ ಕೆಳಗಿನದನ್ನು ಕಳೆದು, ಅರ್ಧ ಮಾಡಿ, ಕೆಳಗಿನದಕ್ಕೆ ಸೇರಿಸಬೇಕು. ಮಕ್ಕಳಿಗೆ ಹೀಗೆಯೇ ಕಲಿಸುವುದು ಒಳ್ಳೆಯದು.

ಪೈಥಾನ್ ಸಿಯಲ್ಲಿ ಬರೆದ ಭಾಷೆ. ಅದರ ಒಳಗೆ ಉದ್ದಗಳೆಲ್ಲ ಇಂಟ್ ಆಗಿದ್ದವು, ಆದ್ದರಿಂದ 64 ಬಿಟ್ ಯಂತ್ರದಲ್ಲೂ ಒಂದು ಪಟ್ಟಿ ಸುಮಾರು 214 ಕೋಟಿಗೆ ನಿಲ್ಲುತ್ತಿತ್ತು. 2006ರ ಪೈಥಾನ್ 2.5ರಲ್ಲಿ ಮಾರ್ಟಿನ್ ಫಾನ್ ಲೂವಿಸ್ ಅವರ ಸಲಹೆಯಂತೆ ಹೊಸ ಟೈಪ್ ತಂದರು. ಅದು ಸೈಜ್-ಟಿಯಷ್ಟೇ ಅಗಲ, ಆದರೆ ಸೈನ್ಡ್. ಪೈಥಾನ್‌ನಲ್ಲಿ ಪಟ್ಟಿಯ ಕೊನೆಯಿಂದ ಎಣಿಸಲು ಮೈನಸ್ 1 ಎನ್ನುತ್ತೇವಲ್ಲ, ಅದಕ್ಕೆ ಸೈನ್ಡ್ ಬೇಕೇ ಬೇಕು. ಪೋಸಿಕ್ಸ್‌ನ ಎಸ್‌ಸೈಜ್-ಟಿ ಎಲ್ಲ ಕಡೆ ಸಿಗುವುದಿಲ್ಲವಾದ್ದರಿಂದ ತಮ್ಮದೇ ಹೆಸರು ಇಟ್ಟುಕೊಂಡರು. ಸಿ ಹೆಸರಿಡದ ತಮ್ಮನಿಗೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟ ಕಥೆ ಇದು. ವಿಂಡೋಸ್‌ನಲ್ಲಿ ಬೇರೆ ಹೆಸರು ಉಂಟು.

ನಿಜವಾದ ಜೋಡಿಯನ್ನು ಮಾಡಿದ್ದು ರಸ್ಟ್ ಭಾಷೆ. 2015ರಲ್ಲಿ ಅದರ ಮೊದಲ ಸ್ಥಿರ ಆವೃತ್ತಿ ಬರುವ ಕೆಲವೇ ತಿಂಗಳ ಮೊದಲು ಯೂಸೈಜ್ ಮತ್ತು ಐಸೈಜ್ ಎಂಬ ಹೆಸರುಗಳನ್ನು ಗೊತ್ತುಪಡಿಸಿದರು. ಎರಡೂ ಒಂದೇ ಅಗಲ, ಒಂದು ಅನ್‌ಸೈನ್ಡ್, ಒಂದು ಸೈನ್ಡ್. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬರೆದು ಹೇಳಬೇಕು, ತಾನಾಗಿ ದಾಟುವಂತಿಲ್ಲ. ಜೊತೆಗೆ ಯಾವ ವಸ್ತುವಿನ ಅಳತೆಯೂ ಐಸೈಜ್‌ನ ಗರಿಷ್ಠವನ್ನು ಮೀರಬಾರದು ಎಂಬ ನಿಯಮ. ಹಾಗಾಗಿ ಯಾವ ಅಳತೆಯಾದರೂ ಎರಡರಲ್ಲೂ ಹಿಡಿಯುತ್ತದೆ.

ಸಿ ಪ್ಲಸ್ ಪ್ಲಸ್‌ನಲ್ಲಿಯೂ ಮರುಚಿಂತನೆ ನಡೆಯಿತು. ಅದರ ಜನಕ ಬಿಯಾರ್ನೆ ಸ್ಟ್ರೌಸ್ಟ್ರುಪ್ 2018ರಲ್ಲಿ ಅಳತೆಗಳು ಸೈನ್ಡ್ ಆಗಬೇಕು ಎಂದು ವಾದಿಸಿ ಬರೆದರು. ಹಳೆಯದನ್ನು ಬದಲಿಸಲು ಆಗಲಿಲ್ಲ. ಆದರೆ 2020ರ ಪ್ರಮಾಣದಲ್ಲಿ ಉದ್ದವನ್ನು ಸೈನ್ಡ್ ಆಗಿ ಕೊಡುವ ಎಸ್‌ಸೈಜ್ ಎಂಬ ಫಂಕ್ಷನ್ ಸೇರಿತು. ಪ್ಲಸ್ ಟುವಿನಲ್ಲಿ ಸಿ ಪ್ಲಸ್ ಪ್ಲಸ್ ಕಲಿತ ಮಕ್ಕಳು ಇದನ್ನು ಹುಡುಕಿ ನೋಡಬಹುದು.

ಕಾರಣ ಹೋಯಿತು, ಟೈಪ್ ಉಳಿಯಿತು

ಕಥೆಯ ಕೊನೆಯ ತಿರುವು ಇನ್ನೂ ಸ್ವಾರಸ್ಯ. 1989ರಲ್ಲಿ ಸೈಜ್-ಟಿ ಅನ್‌ಸೈನ್ಡ್ ಆದದ್ದು ಯಾಕೆ? ಮೆಮೊರಿಯ ಮೇಲಿನ ಅರ್ಧ, ಅಂದರೆ 32,767ರಿಂದ ಆಚೆಗಿನ ಅಳತೆಗಳು ಬೇಕಿದ್ದವು. ಇವತ್ತಿನ 64 ಬಿಟ್ ಯಂತ್ರದಲ್ಲಿ ಸೈನ್ಡ್ ಮಿತಿಯೇ 19 ಅಂಕಿಗಳ ಸಂಖ್ಯೆ. ಅಷ್ಟು ಮೆಮೊರಿ ಯಾವ ಯಂತ್ರದಲ್ಲೂ ಇಲ್ಲ. ಮೇಲಿನ ಅರ್ಧ ಯಾರಿಗೂ ಬೇಡ.

ಬೇಡ ಮಾತ್ರವಲ್ಲ, ಈಗ ಅದಕ್ಕೆ ಪ್ರವೇಶವನ್ನೇ ಮುಚ್ಚುತ್ತಿದ್ದಾರೆ. 2011ರ ಸಿ ಪ್ರಮಾಣದ ಒಂದು ಅನುಬಂಧದಲ್ಲಿ ಆರ್‌ಸೈಜ್-ಟಿ ಎಂಬುದು ಬಂತು. ಅದೂ ಸೈಜ್-ಟಿಯೇ, ಆದರೆ ಅದಕ್ಕೊಂದು ಮಿತಿ. ಬಹಳ ದೊಡ್ಡ ಅಳತೆ ಕಂಡರೆ ಅದು ಹೆಚ್ಚಾಗಿ ತಪ್ಪು ಲೆಕ್ಕದ ಗುರುತು, ಋಣ ಸಂಖ್ಯೆಯೊಂದು ವೇಷ ಬದಲಿಸಿ ಬಂದಿರಬಹುದು ಎಂಬುದು ಅದರ ತರ್ಕ. 2019ರ ಆಗಸ್ಟ್‌ನಲ್ಲಿ ಬಂದ ಗ್ನೂ ಸಿ ಲೈಬ್ರರಿಯ 2.30ನೆಯ ಆವೃತ್ತಿಯಿಂದ ಮಲಾಕ್‌ನಂಥ ಮೆಮೊರಿ ಕೇಳುವ ಫಂಕ್ಷನ್‌ಗಳು ಪಿಟಿಆರ್‌ಡಿಫ್-ಟಿಯ ಗರಿಷ್ಠಕ್ಕಿಂತ ಹೆಚ್ಚು ಕೇಳಿದರೆ ಇಲ್ಲ ಎನ್ನುತ್ತವೆ. ಅಂದರೆ ಅನ್‌ಸೈನ್ಡ್ ಮಾಡಿ ಗಳಿಸಿದ ಅರ್ಧವನ್ನು ಹಿಂದಕ್ಕೆ ಕೊಟ್ಟಾಯಿತು. ಹೆಸರು ಮಾತ್ರ ಅನ್‌ಸೈನ್ಡ್, ನಡೆಯುವುದು ಸೈನ್ಡ್ ಮಿತಿಯೊಳಗೆ.

ಹಾಗಂತ 1989ರ ಸಮಿತಿಯವರನ್ನು ದೂರುವುದು ನ್ಯಾಯವಲ್ಲ. ಅವರ ಮುಂದೆ ಇದ್ದದ್ದು 64 ಕಿಲೋಬೈಟ್‌ಗಳ ಯಂತ್ರ. ಆ ಯಂತ್ರಕ್ಕೆ ಅದು ಸರಿಯಾದ ತೀರ್ಮಾನ. ಆದರೆ ಎಣಿಕೆಗೆ ಒಂದು ಹೆಸರು ಕೊಟ್ಟಾಗಲೇ ಅದೇ ಅಗಲದ ಸೈನ್ಡ್ ಜೊತೆಗಾರನಿಗೂ ಒಂದು ಹೆಸರು ಕೊಟ್ಟಿದ್ದರೆ, ಎರಡರ ನಡುವೆ ದಾಟುವಾಗ ಒಂದು ಮಾತು ಹೇಳಬೇಕು ಎಂದಿದ್ದರೆ, ಆಮೇಲಿನ ಎಷ್ಟೋ ದುಡಿಮೆ ಉಳಿಯುತ್ತಿತ್ತು. ಹೆಸರಿಲ್ಲದ್ದನ್ನು ಜನ ಇಂಟ್ ಎಂದೇ ಬರೆದರು. ಸೆಕೋಯಾದಲ್ಲಿ ಆದದ್ದೂ ಅದೇ ಅಲ್ಲವೇ?

ಕಲಿಯುವ ಮಕ್ಕಳಿಗೆ, ಕಲಿಸುವ ನಮಗೆ ಇದರಿಂದ ತೆಗೆದುಕೊಳ್ಳಬೇಕಾದ್ದು ಮೂರೇ ಮಾತು. ಒಂದು, ಒಂದು ಪ್ರೋಗ್ರಾಮಿನಲ್ಲಿ ಉದ್ದಗಳಿಗೆ ಒಂದೇ ಟೈಪ್ ಆರಿಸಿ ಕೊನೆಯ ತನಕ ಅದನ್ನೇ ಪಾಲಿಸಿ. ಎರಡು, ಕಳೆಯುವ ಮೊದಲು ಯಾವುದು ದೊಡ್ಡದು ಎಂದು ನೋಡಿ, ಟೈಪ್ ಬದಲಾಗುವ ಜಾಗದಲ್ಲಿ ಮಿತಿಯನ್ನು ಪರೀಕ್ಷಿಸಿ. ಮೂರು, ಸೈನ್ಡ್ ಮತ್ತು ಅನ್‌ಸೈನ್ಡ್ ಹೋಲಿಕೆಯ ಬಗ್ಗೆ ಜಿಸಿಸಿ ಕಂಪೈಲರ್ ಎಚ್ಚರಿಕೆ ಕೊಡಬಲ್ಲದು, ಆ ಎಚ್ಚರಿಕೆಯನ್ನು ಚಾಲೂ ಮಾಡಿಟ್ಟುಕೊಳ್ಳಿ. ಬಂದ ಎಚ್ಚರಿಕೆಯನ್ನು ಓದದೆ ಮುಚ್ಚಬೇಡಿ.

ಶಾಲೆಯ ಲ್ಯಾಬಿನಲ್ಲಿ ಮಾಡಿ ನೋಡಲು ಒಂದು ಸಣ್ಣ ಕೆಲಸ: ಮೈನಸ್ 1 ಎಂಬುದನ್ನು ಸೈಜ್‌ಆಫ್ ಇಂಟ್ ಜೊತೆ ಹೋಲಿಸಿ, ಯಾವುದು ಚಿಕ್ಕದು ಎಂದು ಮುದ್ರಿಸುವ ಐದು ಸಾಲಿನ ಪ್ರೋಗ್ರಾಮ್ ಬರೆಯಿರಿ. ಉತ್ತರ ಬಂದ ಮೇಲೆ ಅದು ಯಾಕೆ ಹಾಗೆ ಬಂತು ಎಂದು ಕನ್ನಡದಲ್ಲೇ ಒಂದು ಪುಟ ಬರೆಯಿರಿ. ಇಂಗ್ಲಿಷ್ ಮಾಧ್ಯಮದ ಕಾಲೇಜಿಗೆ ಹೋಗುವ ಮೊದಲು ಈ ವಿಷಯ ನಮ್ಮ ಮಾತಿನಲ್ಲಿ ಮನಸ್ಸಿಗೆ ಹತ್ತಿದ್ದರೆ, ಮುಂದೆ ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಬರುತ್ತದೆ.